ದೀಪ ಜಾಸ್ತಿ ಬೆಳಗಿದರೆ ಹುಷಾರು!

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾರೂ ಹೆದರುವುದಿಲ್ಲ. ಚಿಮಣಿ ಬುಡ್ಡಿಯ ಕಾಲದಿಂದ ಬಂದವರು ನಾವು. ಕತ್ತಲೆ ನಮಗೆ ಹಳೆಯ ನೆಂಟ. ಹೆದರಿಕೆ ಇರುವುದು ಹೋದ ಕರೆಂಟು ಮರಳಿ ಬರುವಾಗ. ಬಂದದ್ದು ಸರಿಯಾಗಿ ಬಂತೋ, ಬೇಕಾದ್ದಕ್ಕಿಂತ ಹೆಚ್ಚು ಬಂತೋ ಎಂದು ಯಾರು ನೋಡುತ್ತಾರೆ?

ನಾನು ಎಲೆಕ್ಟ್ರಿಕಲ್ ಕೆಲಸ ಕಲಿತವನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಲೆಡ್ಜರು, ಡೇ ಬುಕ್ಕುಗಳ ನಡುವೆ ಕೂದಲು ಬೆಳ್ಳಗೆ ಮಾಡಿಕೊಂಡವನು. ಆದರೆ ಮೂರು ತಾಲೂಕಿನ ಮೂರು ಮನೆಗಳಲ್ಲಿ ಮೂರು ಓವನ್‌ಗಳು ಹೆಚ್ಚು ವೋಲ್ಟೇಜಿನಿಂದ ತೊಂದರೆಗೆ ಸಿಕ್ಕಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಮೂರರಲ್ಲೂ ಎಲ್ಲರೂ ಓವನ್ನಿನ ಮೇಲೇ ತಪ್ಪು ಹೊರಿಸಿದರು. ಮೂರರಲ್ಲೂ ತಪ್ಪು ಇದ್ದದ್ದು ಓವನ್ನಿನ ಹೊರಗೆ. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ. ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಓದಿದರೆ ಒಳ್ಳೆಯದು. ನಡುವೆ ಒಂದೆರಡು ಲೆಕ್ಕಗಳಿವೆ, ಅವು ಮಕ್ಕಳ ಪಾಲಿಗೆ.

ಕರೆಂಟಿನ ತವರಿನಲ್ಲಿ

ನಾವಿರುವುದೇ ಕರೆಂಟಿನ ತವರಿನಲ್ಲಿ. ಸಿದ್ದಾಪುರ ತಾಲೂಕಿನ ಅಂಚಿನಲ್ಲೇ ಜೋಗ. ಅಲ್ಲಿಯ ಮೊದಲ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಈಗ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರಿದೆ. ಯಲ್ಲಾಪುರ ತಾಲೂಕಿನಲ್ಲಿ ಕಾಳಿ ನದಿಗೆ ಕಟ್ಟಿದ ಕೊಡಸಳ್ಳಿ ಅಣೆಕಟ್ಟಿದೆ. ಘಟ್ಟ ಇಳಿದರೆ ಕೈಗಾದಲ್ಲಿ 2000ನೇ ಇಸವಿಯಿಂದ ಅಣುವಿದ್ಯುತ್ ತಯಾರಾಗುತ್ತಿದೆ.

ಆದರೆ ಕರೆಂಟು ಹುಟ್ಟುವುದು ಬೇರೆ, ಮನೆಗೆ ತಲುಪುವುದು ಬೇರೆ. ನಮ್ಮ ಕಡೆ ಊರೆಂದರೆ ನಾಲ್ಕು ಮನೆ ಇಲ್ಲಿ, ಮೂರು ಮನೆ ಗುಡ್ಡದಾಚೆ. ನಡುವೆ ತೋಟ, ಬೆಟ್ಟ, ಹಳ್ಳ. ತಂತಿ ಬರುವುದು ಹೊನ್ನೆ, ಮತ್ತಿ, ನಂದಿ ಮರಗಳ ಅಡಿಯಿಂದ. ಆಷಾಢದ ಗಾಳಿಗೆ ಒಂದು ಕೊಂಬೆ ಬಿದ್ದರೆ ಸಾಕು. ನಾಲ್ಕು ತಂತಿಗಳಲ್ಲಿ ಯಾವುದು ತುಂಡಾಗುತ್ತದೆ ಎನ್ನುವುದರ ಮೇಲೆ ನಮ್ಮ ಮನೆಯ ಗತಿ ನಿಂತಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಮನೆಗಳಿಗೂ ಓವನ್ ಬಂದಿದೆ. ಬೆಂಗಳೂರಿನ ಮಕ್ಕಳು ಮನೆ ಬದಲಿಸುವಾಗ ತಂದಿಟ್ಟದ್ದು ಕೆಲವು, ಕೊರೊನಾ ಕಾಲದಲ್ಲಿ ಊರಿಗೆ ಬಂದು ಕೆಲಸ ಮಾಡಿದವರು ಕೊಂಡದ್ದು ಕೆಲವು. ಕೇಕು ಮಾಡುವುದು ವರ್ಷಕ್ಕೆರಡು ಸಲ. ಉಳಿದ ದಿನ ಹಲಸಿನ ಹಪ್ಪಳ ಸುಡಲು, ಸಾರು ಬಿಸಿ ಮಾಡಲು. ಎಣ್ಣೆ ಇಲ್ಲದೆ ಹಪ್ಪಳ ಸುಡುತ್ತದೆ ಎಂಬ ಒಂದೇ ಗುಣಕ್ಕೆ ನನ್ನ ಮನೆಯವಳು ಅದನ್ನು ಒಪ್ಪಿಕೊಂಡಳು.

ಮೊದಲನೆಯದು: ಶಿರಸಿ ತಾಲೂಕಿನ ನಮ್ಮ ಮನೆ

ಒಂದು ಜುಲೈ ಸಂಜೆ. ಮಧ್ಯಾಹ್ನವೇ ಹೋಗಿದ್ದ ಕರೆಂಟು ಏಳು ಗಂಟೆ ಸುಮಾರಿಗೆ ಬಂತು. ಏಳನೇ ತರಗತಿ ಓದುವ ಮೊಮ್ಮಗಳು ದೇವರ ಮುಂದೆ ಬಾಯಿಪಾಠ ಹೇಳುತ್ತಿದ್ದವಳು ಕೂಗಿದಳು.

“ಅಜ್ಜಾ, ದೇವರ ಲೈಟು ಎಂತಕ್ಕೆ ಇಷ್ಟು ಜೋರು ಉರಿತಾ ಇದ್ದು?”

ದೇವರ ಕೋಣೆಯಲ್ಲಿ ಹಳೆಯ ಕಾಲದ, ಒಳಗೆ ತಂತಿ ಕಾಯುವ ಬಲ್ಬು ಇದೆ. ಹಳದಿಯಾಗಿ ಉರಿಯಬೇಕಾದ್ದು ಕಣ್ಣು ಕೋರೈಸುವಷ್ಟು ಬೆಳ್ಳಗೆ ಉರಿಯುತ್ತಿತ್ತು. ಜಗಲಿಯ ಫ್ಯಾನು ಎಂದೂ ಇಲ್ಲದ ಸದ್ದು ಮಾಡುತ್ತ ತಿರುಗುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ‘ಟಪ್’ ಎಂದು ಶಬ್ದ, ಹಿಂದೆಯೇ ಸುಟ್ಟ ವಾಸನೆ. ಓವನ್ನಿನ ಗಡಿಯಾರದ ಹಸಿರು ಅಂಕಿಗಳು ಆರಿಹೋಗಿದ್ದವು.

ಮೇನ್ ಸ್ವಿಚ್ ಇಳಿಸಿದೆ. ಮನೆ ಕತ್ತಲಾಯಿತು. ಆಗ ಆಚೆ ಮನೆಯ ಅಂಗಳದಿಂದ ಕೂಗು ಕೇಳಿತು. “ನಮ್ಮನೇಲಿ ಲೈಟು ಹತ್ತಾ ಇಲ್ಲೆ, ಬರೀ ಕೆಂಪಗೆ ಕಾಣ್ತು. ಫ್ರಿಜ್ಜು ಗೊಂಯ್ ಹೇಳ್ತಾ ಇದ್ದು!”

ಆಚೆ ಮನೆಯಲ್ಲಿ ಆ ದಿನ ಎಂಬತ್ತು ದಾಟಿದ ಅಜ್ಜಿ ಮತ್ತು ಕೆಲಸಕ್ಕೆ ಬರುವ ಹೆಂಗಸು ಇಬ್ಬರೇ ಇದ್ದರು. ಮೇನ್ ಸ್ವಿಚ್ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಕೊಡೆ ಹಿಡಿದು ಹೋಗಿ ಅದನ್ನೂ ಇಳಿಸಿ ಬಂದೆ. ಫ್ರಿಜ್ಜಿನ ಹಿಂಭಾಗ ಕೈ ಇಡಲಾಗದಷ್ಟು ಬಿಸಿಯಾಗಿತ್ತು. ಕಡಿಮೆ ವೋಲ್ಟೇಜಿನಲ್ಲಿ ಮೋಟಾರು ತಿರುಗಲಾರದೆ ನಿಂತು, ತಿರುಗಲೇಬೇಕೆಂದು ಕರೆಂಟು ಎಳೆಯುತ್ತ ಕಾಯುತ್ತದೆ. ಇನ್ನಷ್ಟು ಹೊತ್ತು ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಅಟ್ಟದ ತುಂಬ ಒಣ ಅಡಿಕೆ ಚೀಲ ಇದ್ದ ಮನೆ ಅದು.

ಇಲ್ಲಿ ನೀವು ಗಮನಿಸಬೇಕು. ನಮ್ಮನೆಯಲ್ಲಿ ಹೆಚ್ಚು, ಅವರ ಮನೆಯಲ್ಲಿ ಕಡಿಮೆ, ಎರಡೂ ಒಂದೇ ಹೊತ್ತಿಗೆ. ಬ್ಯಾಂಕಿನಲ್ಲಿ ಒಂದು ಖಾತೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಂದರೆ ನಾವು ಎರಡನ್ನೂ ಬೇರೆ ಬೇರೆ ತಪ್ಪು ಎಂದು ಹುಡುಕುವುದಿಲ್ಲ. ಇಲ್ಲಿಯದು ಅಲ್ಲಿಗೆ ಹೋಗಿದೆಯೇ ಎಂದು ಮೊದಲು ನೋಡುತ್ತೇವೆ.

338 ಕೂಡಿಸು 70

ಮರುದಿನ ಬೆಳಿಗ್ಗೆ ನಮ್ಮೂರ ಕಡೆ ವೈರಿಂಗ್ ಮಾಡುವ ಹುಡುಗ ಬಂದ. ಅವನು ಓವನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಮೀಟರ್ ಬೋರ್ಡಿನ ಹತ್ತಿರ ಹೋಗಿ, ಎರಡು ಹಳೇ ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ತನ್ನ ಟೆಸ್ಟ್ ಲ್ಯಾಂಪನ್ನು ಹಚ್ಚಿದ. ಆಚೆ ಮನೆಯಲ್ಲಿ ಕೊಟ್ಟಿಗೆಯ ಬಲ್ಬು, ಬಚ್ಚಲಿನ ಬಲ್ಬು, ಒಂದು ಫ್ಯಾನು ಬಿಟ್ಟು ಉಳಿದದ್ದೆಲ್ಲ ಬಂದ್ ಮಾಡಿಸಿದ. ಆಮೇಲೆ ಮೀಟರಿನಲ್ಲಿ ಅಳೆದ. ನಮ್ಮ ಮನೆಗೆ 338 ವೋಲ್ಟ್. ಆಚೆ ಮನೆಗೆ 70.

ನಾನು ಅಭ್ಯಾಸಬಲದಿಂದ ಕೂಡಿಸಿದೆ. 408.

“ಅದೇ ಲೆಕ್ಕ” ಎಂದ ಅವನು. “ನ್ಯೂಟ್ರಲ್ ಕಟ್ಟಾಗಿದೆ. ಕಂಬದ ಮೇಲೆ.”

ಮಕ್ಕಳೇ, ಈಗ ಇದನ್ನು ಬಿಡಿಸಿ ನೋಡೋಣ. ಕಂಬದ ಮೇಲೆ ಬರುವುದು ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ ತಂತಿ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್. ಮನೆಯ ದೀಪ, ಫ್ಯಾನು, ಓವನ್ ಎಲ್ಲ ನಡೆಯುವುದು ಇದರಲ್ಲಿ. ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್. 230ರ ಎರಡು ಪಟ್ಟು 460 ಆಗಬೇಕಲ್ಲ ಎಂದು ಕೇಳುತ್ತೀರಿ. ಮೂರು ಜನ ಒಂದೇ ಒರಳಿನಲ್ಲಿ ಒನಕೆ ಹಾಕುವಾಗ ಮೂವರೂ ಒಟ್ಟಿಗೆ ಎತ್ತುವುದಿಲ್ಲ, ಒಬ್ಬರಾದ ಮೇಲೆ ಒಬ್ಬರು ಎತ್ತುತ್ತಾರೆ. ಮೂರು ಫೇಸುಗಳೂ ಹಾಗೇ ಸರದಿಯಲ್ಲಿ ಏರಿಳಿಯುತ್ತವೆ. ಆದ್ದರಿಂದ 2ರ ಬದಲು ಸುಮಾರು 1.73ರಿಂದ ಗುಣಿಸಬೇಕು. ಗುಣಿಸಿ ನೋಡಿ, 398 ಬರುತ್ತದೆ.

ನಮ್ಮ ಮನೆ ಒಂದು ಫೇಸಿನಲ್ಲಿ, ಆಚೆ ಮನೆ ಇನ್ನೊಂದು ಫೇಸಿನಲ್ಲಿ. ಎರಡಕ್ಕೂ ನ್ಯೂಟ್ರಲ್ ಒಂದೇ. ಈ ನ್ಯೂಟ್ರಲ್ಲನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂತ ಗುಮಾಸ್ತ ಎಂದುಕೊಳ್ಳಿ. ಯಾರು ಎಷ್ಟೇ ಗಲಾಟೆ ಮಾಡಲಿ, ಅವನು ಇವರಿಗೆ 230, ಅವರಿಗೆ 230 ಎಂದು ಕೊಡುತ್ತಿರುತ್ತಾನೆ. ಗುಮಾಸ್ತ ಎದ್ದು ಹೋದ. ಈಗ ಎರಡು ಮನೆಗಳೂ ಒಂದರ ಹಿಂದೆ ಒಂದು ಪೋಣಿಸಿದಂತಾಗಿ, ನಡುವೆ 400 ವೋಲ್ಟ್ ಬಿದ್ದಿದೆ. ಹಂಚಲು ಯಾರೂ ಇಲ್ಲ.

ಆಗ ಯಾರಿಗೆ ಹೆಚ್ಚು ಸಿಗುತ್ತದೆ? ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಉತ್ತರ ಹೇಳುತ್ತದೆ. ಒಂದರ ಹಿಂದೆ ಒಂದು ಜೋಡಿಸಿದಾಗ ಎರಡರಲ್ಲೂ ಹರಿಯುವ ಕರೆಂಟು ಒಂದೇ, ಯಾರ ತಡೆ ಹೆಚ್ಚೋ ಅವರಿಗೆ ವೋಲ್ಟೇಜು ಹೆಚ್ಚು. ಒಂದು ಮನೆಯಲ್ಲಿ 1000 ವ್ಯಾಟಿನ ಸಾಮಾನು, ಇನ್ನೊಂದರಲ್ಲಿ 100 ವ್ಯಾಟಿನದು ನಡೆಯುತ್ತಿದ್ದರೆ, ಎರಡನೆಯದರ ತಡೆ ಮೊದಲನೆಯದರ ಹತ್ತು ಪಟ್ಟು. 400ನ್ನು 11 ಪಾಲು ಮಾಡಿ. ಹೆಚ್ಚು ಬಳಸುವ ಮನೆಗೆ ಒಂದು ಪಾಲು, ಅಂದರೆ ಸುಮಾರು 36 ವೋಲ್ಟ್. ಕಡಿಮೆ ಬಳಸುವ ಮನೆಗೆ ಹತ್ತು ಪಾಲು, ಅಂದರೆ ಸುಮಾರು 364.

ಮಿತವ್ಯಯ ಮಾಡಿ ಒಂದೇ ದೀಪ ಹಚ್ಚಿಕೊಂಡು ಕೂತ ಮನೆಯ ಸಾಮಾನೇ ಮೊದಲು ಸುಡುವುದು. ವಿಚಿತ್ರ ನ್ಯಾಯ, ಆದರೆ ಲೆಕ್ಕ ಸರಿ.

ಯಾರೂ ಮುಟ್ಟದ ಓವನ್ ಕೆಟ್ಟಿದ್ದು ಹೇಗೆ?

ಮೊಮ್ಮಗಳ ಪ್ರಶ್ನೆ ಇದೇ ಆಗಿತ್ತು. ಆ ಸಂಜೆ ಓವನ್ನಿನಲ್ಲಿ ಯಾರೂ ಏನೂ ಇಟ್ಟಿರಲಿಲ್ಲ.

ಉತ್ತರ ಆ ಹಸಿರು ಗಡಿಯಾರದಲ್ಲಿದೆ. ಪ್ಲಗ್ ಹಾಕಿ ಗೋಡೆಯ ಸ್ವಿಚ್ ಹಾಕಿದ್ದರೆ ಓವನ್ ನಿದ್ದೆ ಮಾಡುವುದಿಲ್ಲ. ಒಳಗಿನ ಚಿಕ್ಕ ಬೋರ್ಡು ಹಗಲೂ ರಾತ್ರಿ ಎಚ್ಚರ ಇರುತ್ತದೆ. ವೋಲ್ಟೇಜು ಏರಿದಾಗ ಪೆಟ್ಟು ಬೀಳುವುದು ಅದಕ್ಕೇ.

ಶಿರಸಿ ಪೇಟೆಯ ರಿಪೇರಿಯವರು ಓವನ್ ಬಿಚ್ಚಿ ನನಗೆ ಎರಡು ಸಾಮಾನು ತೋರಿಸಿದರು. ಒಂದು, ಕಪ್ಪಾದ ಫ್ಯೂಸು. ಇನ್ನೊಂದು, ಎಂಟಾಣೆಯಷ್ಟು ಅಗಲದ ನೀಲಿ ಬಿಲ್ಲೆ, ನಡುವೆ ಒಡೆದು ಕರಕಲಾಗಿತ್ತು. ಅದರ ಹೆಸರು ವೇರಿಸ್ಟರ್. ಸತುವಿನ ಆಕ್ಸೈಡಿನಿಂದ ಮಾಡಿದ್ದು. 1960ರ ದಶಕದ ಕೊನೆಗೆ ಜಪಾನಿನ ಮಟ್ಸುಶಿಟಾ ಕಂಪನಿಯವರು ಇದನ್ನು ರೂಪಿಸಿದರು. ಇದರ ಕೆಲಸ ಕಾವಲು. ವೋಲ್ಟೇಜು ಮಿತಿಯಲ್ಲಿರುವಾಗ ಏನೂ ಮಾಡದೆ ಕೂತಿರುತ್ತದೆ. ಮಿತಿ ದಾಟಿದೊಡನೆ ತಾನೇ ದಾರಿ ಬಿಟ್ಟುಕೊಟ್ಟು, ಕರೆಂಟನ್ನೆಲ್ಲ ತನ್ನ ಮೈಮೇಲೆ ಎಳೆದುಕೊಳ್ಳುತ್ತದೆ. ಮಿಂಚಿನಂತೆ ಬಂದು ಹೋಗುವ ಏರಿಕೆಯಾದರೆ ತಡೆದುಕೊಂಡು ಬದುಕುತ್ತದೆ. ನಿಮಿಷಗಟ್ಟಲೆ ನಿಂತರೆ ಕಾದು ಸಾಯುತ್ತದೆ, ಸಾಯುವಾಗ ಫ್ಯೂಸನ್ನೂ ಹಾರಿಸಿ ಬೋರ್ಡನ್ನು ಉಳಿಸುತ್ತದೆ.

ಅದರ ಮೇಲೆ 471 ಎಂದು ಬರೆದಿತ್ತು. ಮಕ್ಕಳೇ, ಇದು ನಾನೂರ ಎಪ್ಪತ್ತೊಂದಲ್ಲ. 47 ಬರೆದು, ಮುಂದೆ 1 ಸೊನ್ನೆ ಇಡಬೇಕು. ಅಂದರೆ 470 ವೋಲ್ಟ್. 230ರ ಮನೆಗೆ 470ರ ಕಾವಲು ಯಾಕೆ? ನಮ್ಮ ಕರೆಂಟು ಅಲೆಯಂತೆ ಏರಿಳಿಯುತ್ತದೆ. 230 ಎನ್ನುವುದು ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 325. 470 ಅದಕ್ಕಿಂತ ಸಾಕಷ್ಟು ಮೇಲಿದೆ, ದಿನನಿತ್ಯ ತೊಂದರೆ ಇಲ್ಲ. ಈಗ 338ನ್ನು 1.414ರಿಂದ ಗುಣಿಸಿ. 478 ಬಂತೇ? ಮಿತಿ ದಾಟಿತು.

ರಿಪೇರಿಯವರು ಒಂದು ಮಾತು ಹೇಳಿದರು, ಅದನ್ನು ಎಲ್ಲ ಅಜ್ಜಂದಿರೂ ಗಂಟು ಹಾಕಿಕೊಳ್ಳಬೇಕು. ಕೆಲವರು ಸುಟ್ಟ ವೇರಿಸ್ಟರನ್ನು ಕತ್ತರಿಸಿ ಎಸೆದು, ಫ್ಯೂಸು ಮಾತ್ರ ಹಾಕಿ, ಇಲ್ಲವೇ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿ ಕೊಡುತ್ತಾರೆ. ಓವನ್ ನಡೆಯುತ್ತದೆ, ನಾವು ಖುಷಿಯಾಗುತ್ತೇವೆ. ಆದರೆ ಕಾವಲಿನವನನ್ನು ತೆಗೆದು ಬಾಗಿಲಿಗೆ ಅಗುಳಿಯನ್ನೂ ಹಾಕದೆ ಬಿಟ್ಟಂತೆ. ಮುಂದಿನ ಸಲ ಬೋರ್ಡೇ ಹೋಗುತ್ತದೆ, ಬೆಂಕಿಯೂ ಹೊತ್ತೀತು. ರಿಪೇರಿ ಮಾಡಿಸುವಾಗ “ವೇರಿಸ್ಟರ್ ಹೊಸದು ಹಾಕಿದಿರಾ? ಫ್ಯೂಸು ಅದೇ ಅಳತೆಯದೇ?” ಎಂದು ಕೇಳಿ. ನಮ್ಮ ಓವನ್ ಅವೆರಡನ್ನೇ ಬದಲಿಸಿದ ಮೇಲೆ ಮತ್ತೆ ಹಪ್ಪಳ ಸುಡತೊಡಗಿತು.

ಕಂಬದ ಕೆಲಸ ಅಂದು ಮಧ್ಯಾಹ್ನವೇ ಆಯಿತು. ಹೊನ್ನೆ ಕೊಂಬೆ ಬಿದ್ದು ಎರಡನೇ ಕಂಬದಲ್ಲಿ ನ್ಯೂಟ್ರಲಿನ ಜಂಪ್ ಹರಿದಿತ್ತು. ಲೈನ್‌ಮನ್ ಸುರಿವ ಮಳೆಯಲ್ಲಿ ಏಣಿ ಹಾಕಿ ಹತ್ತಿ ಜೋಡಿಸಿದರು. ಕೆಳಗಿಳಿದು ಒಂದು ಲೋಟ ಬಿಸಿ ಕಷಾಯ ಕುಡಿದು ಮುಂದಿನ ಕಂಬಕ್ಕೆ ಹೋದರು. ಅಂಥ ಮಳೆಯಲ್ಲಿ ನಾವು ತೋಟಕ್ಕೂ ಇಳಿಯುವುದಿಲ್ಲ.

ಎರಡನೆಯದು: ಸಿದ್ದಾಪುರದ ಕಡೆ, ಭಾವನ ಮನೆ

ನಮ್ಮ ಕಥೆ ಕೇಳಿ ಸಿದ್ದಾಪುರದ ಭಾವ ಫೋನು ಮಾಡಿದರು. ಅವರ ಓವನ್ ಹಗಲು ಚೆನ್ನಾಗಿ ನಡೆಯುತ್ತದೆ, ರಾತ್ರಿ ಊಟದ ಹೊತ್ತು ದಾಟಿದರೆ ‘ಬೀಪ್’ ಎಂದು ಏನೋ ಅಕ್ಷರ ತೋರಿಸಿ ನಿಂತುಬಿಡುತ್ತದೆ. ಎರಡು ಸಲ ಮೆಕ್ಯಾನಿಕ್ ಹಗಲಿನಲ್ಲಿ ಬಂದು, “ಏನೂ ಆಗಿಲ್ಲ ಮಾರಾಯ್ರೆ” ಎಂದು ಹೋಗಿದ್ದ.

ಈ ಅಕ್ಷರಗಳ ಅರ್ಥ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಓವನ್ನಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದರೆ ಸಿಗುತ್ತದೆ. ಭಾವನ ಪುಸ್ತಕ ಹುಡುಕಿದಾಗ ಪಂಚಾಂಗಗಳ ಕಟ್ಟಿನಲ್ಲಿ ಸಿಕ್ಕಿತು. ಅರ್ಥ ಇಷ್ಟೆ: ವೋಲ್ಟೇಜು ಹೆಚ್ಚಿದೆ, ನಾನು ಕೆಲಸ ಮಾಡುವುದಿಲ್ಲ. ಓವನ್ ಕೆಟ್ಟಿರಲಿಲ್ಲ, ಬುದ್ಧಿವಂತಿಕೆ ತೋರಿಸುತ್ತಿತ್ತು.

ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ವೋಲ್ಟ್ ಮೀಟರ್ ಬರುತ್ತದೆ, ಕೆಲವೇ ನೂರು ರೂಪಾಯಿ. ಅದನ್ನು ಹಾಕಿಸಿ, ಒಂದು ನೋಟುಪುಸ್ತಕದಲ್ಲಿ ಏಳು ದಿನ ಬರೆಯಲು ಹೇಳಿದೆ. ದಿನಾಂಕ, ಗಂಟೆ, ವೋಲ್ಟ್, ಮೂರೇ ಕಲಂ. ಭಾವನ ಮೊಮ್ಮಗ ಅಚ್ಚುಕಟ್ಟಾಗಿ ಬರೆದ. ಸಂಜೆ ಏಳಕ್ಕೆ 222, ರಾತ್ರಿ ಹನ್ನೊಂದಕ್ಕೆ 262, ಬೆಳಗಿನ ಜಾವ ಐದಕ್ಕೆ 265. ಏಳೂ ದಿನ ಹೆಚ್ಚು ಕಡಿಮೆ ಅದೇ ಪಾಠ.

230ಕ್ಕೆ ಹತ್ತನೇ ಒಂದು ಪಾಲು ಕೂಡಿಸಿದರೆ 253. ಅಷ್ಟರವರೆಗೆ ಸಾಮಾನ್ಯವಾಗಿ ಮನೆ ಸಾಮಾನು ತಡೆದುಕೊಳ್ಳುತ್ತದೆ. 265 ಅಂದರೆ ಒಮ್ಮೆಗೇ ಸುಡುವಷ್ಟಲ್ಲ, ಆದರೆ ದಿನಾ ಸ್ವಲ್ಪ ಸ್ವಲ್ಪ ಆಯುಷ್ಯ ತಿನ್ನುವಷ್ಟು.

ಕಾರಣವೂ ತಿಳಿಯಿತು. ಭಾವನ ಮನೆ ಟಿ.ಸಿ.ಗೆ ತೀರ ಹತ್ತಿರ. ತೋಟಕ್ಕೆ ಕಾಲುವೆಯಲ್ಲಿ ನೀರು ಬಿಡುವುದನ್ನು ನೆನಪಿಸಿಕೊಳ್ಳಿ. ಕಡೆಯ ಮರಕ್ಕೂ ನೀರು ಮುಟ್ಟಬೇಕಾದರೆ ತಲೆಯಲ್ಲಿ ಸ್ವಲ್ಪ ಹೆಚ್ಚೇ ಬಿಡಬೇಕು. ಕರೆಂಟೂ ಹಾಗೇ. ದೂರದ ಪಂಪುಗಳೆಲ್ಲ ನಡೆಯುವಾಗ ತಂತಿಯುದ್ದಕ್ಕೂ ವೋಲ್ಟೇಜು ಇಳಿಯುತ್ತ ಹೋಗುತ್ತದೆ. ರಾತ್ರಿ ಪಂಪು ನಿಂತು ದೀಪ ಆರಿದ ಮೇಲೆ ಇಳಿಕೆ ಇಲ್ಲ, ತಲೆಯಲ್ಲಿರುವ ಮನೆಗೆ ಪೂರ್ತಿ ಹೊಡೆತ.

ಭಾವ ಆ ನೋಟುಪುಸ್ತಕದ ಹಾಳೆಯ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟರು. “ವೋಲ್ಟೇಜು ಸರಿ ಇಲ್ಲ” ಎಂದು ಬಾಯಲ್ಲಿ ಹೇಳುವುದಕ್ಕೂ, ಏಳು ದಿನದ ಅಂಕಿ ಮುಂದಿಡುವುದಕ್ಕೂ ವ್ಯತ್ಯಾಸವಿದೆ. ಕೆಲವು ದಿನಗಳಲ್ಲಿ ರಾತ್ರಿಯ ವೋಲ್ಟೇಜು 245ರ ಸುಮಾರಿಗೆ ಇಳಿಯಿತು. ಓವನ್ ಬೀಪ್ ಎನ್ನುವುದನ್ನು ಬಿಟ್ಟಿತು.

ಮೂರನೆಯದು: ಯಲ್ಲಾಪುರದ ಕಡೆ, ತಂಗಿಯ ಮನೆ

ತಂಗಿಯ ಮನೆಯದು ಓಟಿಜಿ, ಅಂದರೆ ಕಾಯುವ ಸರಳುಗಳಿರುವ ಓವನ್. ಒಂದೇ ವರ್ಷದಲ್ಲಿ ಎರಡು ಸಲ ಸರಳು ಸುಟ್ಟಿತ್ತು. ಸರಳಿನದೇ ದೋಷ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಅಡಿಕೆ ಕೊಯ್ಲಿನ ಕಾಲಕ್ಕೆ ನಾನು ಹೋದಾಗ ಒಂದು ಸಂಗತಿ ಕಂಡಿತು. ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಚಾಲೂ ಮಾಡಿದಾಗ ಅಡುಗೆಮನೆಯ ದೀಪ ಇನ್ನೂ ಜೋರಾಗುತ್ತಿತ್ತು.

ಮಕ್ಕಳೇ, ಇದು ತಿರುಗುಮುರುಗು. ದೊಡ್ಡ ಮೋಟಾರು ಶುರುವಾದರೆ ದೀಪ ಒಂದು ಕ್ಷಣ ಮಂಕಾಗುವುದು ಸಹಜ. ಬೆಳಕು ಹೆಚ್ಚಾದರೆ? ನಮ್ಮ ಎರಡು ಮನೆಯ ಲೆಕ್ಕ ನೆನಪಿಸಿಕೊಳ್ಳಿ. ಒಂದು ಕಡೆ ಹೆಚ್ಚು ಬಳಸಿದಾಗ ಇನ್ನೊಂದು ಕಡೆ ವೋಲ್ಟೇಜು ಏರುವುದು ನ್ಯೂಟ್ರಲ್ ಸರಿ ಇಲ್ಲದಾಗ. ತಂಗಿಯ ಮನೆಗೆ ಮೂರು ಫೇಸಿನ ಸಂಪರ್ಕ ಇದೆ. ಯಂತ್ರ ಒಂದು ಫೇಸಿನಲ್ಲಿ, ಅಡುಗೆಮನೆ ಇನ್ನೊಂದರಲ್ಲಿ. ಹಾಗಾಗಿ ಎರಡು ಮನೆಗಳ ಕಥೆ ಒಂದೇ ಮನೆಯೊಳಗೆ ನಡೆಯುತ್ತಿತ್ತು.

ಕಂಬದಲ್ಲಿ ಏನೂ ಆಗಿರಲಿಲ್ಲ. ಎಲೆಕ್ಟ್ರಿಶಿಯನ್ ಬಂದು ಮೇನ್ ಸ್ವಿಚ್ಚಿನ ಮುಚ್ಚಳ ತೆಗೆದಾಗ, ನ್ಯೂಟ್ರಲ್ ತಂತಿಯ ಸ್ಕ್ರೂ ಸಡಿಲಾಗಿ, ಸುತ್ತಲಿನ ಪ್ಲಾಸ್ಟಿಕ್ಕು ಕಪ್ಪಾಗಿ ಕರಗಿತ್ತು. ಪೂರ್ತಿ ಹರಿದಿರಲಿಲ್ಲ, ಆದ್ದರಿಂದ ತೊಂದರೆ ಬರುತ್ತಿತ್ತು, ಹೋಗುತ್ತಿತ್ತು. ಆ ಭಾಗ ಬದಲಿಸಿ ಬಿಗಿ ಮಾಡಿದ ಮೇಲೆ ಮೂರನೇ ಸರಳು ಸುಡಲಿಲ್ಲ.

ಸರಳು ಯಾಕೆ ಸುಡುತ್ತದೆ ಎನ್ನುವುದಕ್ಕೂ ಒಂದು ಲೆಕ್ಕ. ಕಾವು ವೋಲ್ಟೇಜಿನ ವರ್ಗದಂತೆ ಏರುತ್ತದೆ. ವೋಲ್ಟೇಜು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. 230ಕ್ಕೆ 1500 ವ್ಯಾಟ್ ಎಳೆಯುವ ಓಟಿಜಿ 338ಕ್ಕೆ ಎಷ್ಟು ಎಳೆಯುತ್ತದೆ? 338ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ 1500ರಿಂದ ಗುಣಿಸಿ. 3200 ದಾಟುತ್ತದೆ.

ಬಿಚ್ಚಬೇಡಿ, ದಯವಿಟ್ಟು

ಮೈಕ್ರೋವೇವ್ ಓವನ್ನಿನ ಹುಟ್ಟೇ ಒಂದು ತಮಾಷೆ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಎಂಬವರು ರೇಡಾರಿಗೆ ಬೇಕಾದ ಮ್ಯಾಗ್ನೆಟ್ರಾನ್ ಎಂಬ ಸಾಧನದ ಹತ್ತಿರ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತಂತೆ. ಅದರಿಂದ ಓವನ್ನಿನ ಯೋಚನೆ ಬಂತು. 1947ರ ಮೊದಲ ಓವನ್ ಆಳೆತ್ತರ, ತೂಕ ಸುಮಾರು 340 ಕಿಲೋ. ಅಡುಗೆಮನೆಯ ಕಟ್ಟೆಯ ಮೇಲೆ ಕೂರುವಂಥದ್ದು ಅಮೆರಿಕದ ಮನೆಗಳಿಗೆ 1967ರಲ್ಲಿ ಬಂತು.

ಅದೇ ಮ್ಯಾಗ್ನೆಟ್ರಾನ್ ಇಂದಿಗೂ ನಮ್ಮ ಓವನ್ನಿನಲ್ಲಿದೆ. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಅದಕ್ಕಾಗಿ ಒಳಗೆ ಇರುವ ಕೆಪಾಸಿಟರ್, ಪ್ಲಗ್ ತೆಗೆದ ಮೇಲೂ ಆ ಹೊಡೆತವನ್ನು ಹಿಡಿದಿಟ್ಟುಕೊಂಡಿರಬಹುದು. ಪ್ಲಗ್ ತೆಗೆದಿದ್ದೇನಲ್ಲ ಎಂದು ಸ್ಕ್ರೂ ಬಿಚ್ಚಿ ಕೈ ಹಾಕಿದರೆ ಜೀವಕ್ಕೇ ಅಪಾಯ. ರೇಡಿಯೋ, ಟಾರ್ಚು ಬಿಚ್ಚಿ ಕಲಿತ ನನ್ನ ಕಾಲದವರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ. ಮಕ್ಕಳಂತೂ ಹತ್ತಿರವೂ ಸುಳಿಯಬಾರದು.

ಹಾಗಾದರೆ ನಾವೇನು ಮಾಡಬಹುದು?

ಕರೆಂಟು ಬಂದಾಗ ಕಣ್ಣು ಕಿವಿ ತೆರೆದಿಡಿ. ದೀಪ ಅತಿ ಬೆಳಗಿದರೆ, ಫ್ಯಾನಿನ ಸದ್ದು ಬದಲಾದರೆ, ಒಂದು ಕೋಣೆಯಲ್ಲಿ ಜೋರು ಇನ್ನೊಂದರಲ್ಲಿ ಮಂಕು ಕಂಡರೆ, ತಡಮಾಡದೆ ಮೇನ್ ಸ್ವಿಚ್ ಇಳಿಸಿ. ಒಣ ಕೈ, ಕಾಲಿಗೆ ಚಪ್ಪಲಿ ಇರಲಿ. ಎಲ್‌ಇಡಿ ಬಲ್ಬುಗಳಲ್ಲಿ ಕೆಲವು ಬೆಳಕು ಬದಲಿಸದೆ ಸುಮ್ಮನೆ ಸತ್ತುಹೋಗುತ್ತವೆ. ಒಟ್ಟಿಗೇ ಎರಡು ಮೂರು ಬಲ್ಬು ಹೋದರೆ ಅದೂ ಸೂಚನೆಯೇ.

ಆಮೇಲೆ ಅಕ್ಕಪಕ್ಕದವರಿಗೆ ಕೂಗಿ ಹೇಳಿ. ನಿಮ್ಮಲ್ಲಿ ಹೆಚ್ಚಾದರೆ ಅವರಲ್ಲಿ ಕಡಿಮೆ ಆಗಿರಬಹುದು, ಇಲ್ಲವೇ ಅವರಲ್ಲೂ ಹೆಚ್ಚಾಗಿರಬಹುದು. ಎರಡೂ ಅಪಾಯ. 1912ಕ್ಕೆ ಫೋನು ಮಾಡಿ, “ನ್ಯೂಟ್ರಲ್ ತೊಂದರೆ ಇರಬಹುದು, ಒಂದು ಮನೆಯಲ್ಲಿ ಹೆಚ್ಚು, ಒಂದು ಮನೆಯಲ್ಲಿ ಕಡಿಮೆ” ಎಂದು ಬಿಡಿಸಿ ಹೇಳಿ. ಬಿದ್ದ ತಂತಿಯ ಹತ್ತಿರ ಯಾರೂ ಹೋಗಬಾರದು, ದನ ಹೋಗದಂತೆಯೂ ನೋಡಿಕೊಳ್ಳಿ.

ಟೆಸ್ಟರನ್ನು ನಂಬಿ ಕೂರಬೇಡಿ. ಅದು ಕರೆಂಟು ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಎಂಸಿಬಿ ಇದೆಯಲ್ಲ ಎಂದೂ ಸುಮ್ಮನಾಗಬೇಡಿ. ಅದು ಬೀಳುವುದು ಕರೆಂಟು ಮಿತಿ ಮೀರಿ ಹರಿದಾಗ. ವೋಲ್ಟೇಜು ಏರಿದ್ದನ್ನು ನೋಡುವುದು ಅದರ ಕೆಲಸವಲ್ಲ. ಅದಕ್ಕೆ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಎಂಬುದು ಬೇರೆ ಬರುತ್ತದೆ. ಮೀಟರ್ ಬೋರ್ಡಿನ ಬಳಿ ಹಾಕಿಸಿದರೆ, ನಿಗದಿ ಮಾಡಿದ ಮಿತಿ ದಾಟಿದೊಡನೆ ಇಡೀ ಮನೆಯ ಕರೆಂಟು ಕಡಿದು, ಸರಿಯಾದ ಮೇಲೆ ಸ್ವಲ್ಪ ಹೊತ್ತು ಕಾದು ತಾನೇ ಜೋಡಿಸುತ್ತದೆ. ನಮ್ಮ ಮನೆಗೂ ಆಚೆ ಮನೆಗೂ ಹಾಕಿಸಿದ್ದೇವೆ. ಮಳೆಗಾಲ ಶುರುವಾಗುವ ಮೊದಲು ಎಲೆಕ್ಟ್ರಿಶಿಯನ್ನನ್ನು ಕರೆಸಿ, ಮೇನ್ ಸ್ವಿಚ್ಚಿನ ನ್ಯೂಟ್ರಲ್ ಸ್ಕ್ರೂ ಬಿಗಿ ಇದೆಯೇ ನೋಡಿಸಿ.

ಗುಡುಗು ಮಿಂಚು ಶುರುವಾಗುವ ಮೊದಲೇ ಓವನ್ನಿನ ಪ್ಲಗ್ ತೆಗೆದಿಡಿ. ಗಡಿಯಾರಕ್ಕೆ ಮತ್ತೆ ಟೈಮು ಕೊಡಬಹುದು.

ಮಕ್ಕಳಿಗೆ ಈ ವಾರ ಒಂದು ಕೆಲಸ. ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ, ಮನೆಯ ಮೇನ್ ಸ್ವಿಚ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ಬಂದ್ ಆಗುತ್ತದೆ ಎಂದು ಅವರ ಬಾಯಿಂದ ಹೇಳಿಸಿ. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಮೇನ್ ಸ್ವಿಚ್’ ಎಂದೂ, ಕೆಳಗೆ 1912 ಎಂದೂ ಬರೆದು ಪಕ್ಕದ ಗೋಡೆಗೆ ಅಂಟಿಸಿ. ಆಚೆ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಅವರಿಗೂ ಒಂದು ಬರೆದುಕೊಡಿ.